ಹೆಸರಿನ ಬೆಲೆ ಬರೀಲಾರದ ಕಾಗದ

ವಿಭೂತಿ ತಗೊಳ್ಳುವಾಗ ಎಷ್ಟು ಅಂತ ಕೇಳಬಾರದು. ನಮ್ಮ ಕಡಿ ಸಣ್ಣ ಹುಡುಗರಿಗೂ ಗೊತ್ತಿದ್ದ ಮಾತು ಅದು. ಬಾಗಲ ಹೊರಗ ಚಪ್ಪಲಿ ಬಿಟ್ಟು ಬರಬೇಕು, ಗಟ್ಟಿ ಎತ್ತಿ ಕಣ್ಣಿಗೆ ಒತ್ಕೋಬೇಕು, ತಾವು ತಂದಷ್ಟು ಕಾಸು ತಾಟಿನಾಗ ಇಟ್ಟು ಹೋಗಬೇಕು. ಕೊಡವರೂ ತಾಟು ನೋಡಬಾರದು. ಹೆಚ್ಚು ಬಿದ್ದರ ನಗಬಾರದು, ಕಡಿಮಿ ಬಿದ್ದರ ಮುಖ ಗಂಟು ಹಾಕಬಾರದು. ಬದನಿಕಾಯಿಗೆ ಅರ್ಧ ತಾಸು ಜಗಳಾಡಿ ಒಂದು ಕಾಸು ಇಳಿಸೋ ಹೆಣ್ಮಕ್ಕಳು ವಿಭೂತಿ ಮುಂದ ಬಂದ್ರ ಸುಮ್ಮನಾಗ್ತಿದ್ರು. ಹಂಗಿದ್ದ ವಸ್ತುವಿಗೆ ನಾವು ಕೋರ್ಟು ಹತ್ತಿದ್ವಿ. ಸೋತ್ವಿ. ಯಾಕ ಸೋತ್ವಿ ಅಂತ ನೆನೆಸಿಕೊಂಡ್ರ ಈ ಮುದಿ ವಯಸ್ಸಿನ್ಯಾಗೂ ನನ್ನ ಮೈ ಉರೀತೈತಿ.

ನಮ್ಮ ಜಿಲ್ಲಾ ಇನ್ನೂ ಮದ್ರಾಸಿನವರ ಕೈಯಾಗ ಇದ್ದ ಕಾಲ. ಹೊಳಿಗೆ ಡ್ಯಾಮು ಬಂದಿದ್ದಿಲ್ಲ. ಸಂಡೂರಿಗೆ ಬ್ಯಾರೆ ರಾಜರು ಇದ್ರು. ನನ್ನ ತವರು ಕಂಪ್ಲಿ, ಕೊಟ್ಟದ್ದು ಹೊಸಪ್ಯಾಟಿಗೆ. ನಮ್ಮ ಮಾವಂದು ಅಕ್ಕಿ ಅಂಗಡಿ, ಯಜಮಾನರು ಅವರಿಗೆ ಒಬ್ಬನೇ ಮಗ. ಅಂಗಡಿ ನಡೀತಿತ್ತು, ಆದ್ರ ಹೊಸ ಮಿಲ್ಲಿನವರು ಬಂದ ಮ್ಯಾಲ ಮೊದಲಿನಂಗ ಇದ್ದಿಲ್ಲ. ಮಾವ ಬ್ಯಾರೆ ಏನಾರ ಮಾಡಬೇಕು ಅಂತ ನೋಡ್ತಿದ್ರು.

ನಮ್ಮ ಮನಿತನಕ್ಕ ಒಬ್ಬ ಅಯ್ಯನೋರು ಇದ್ರು. ಅಯ್ಯನೋರು ಅಂದ್ರ ನಮಗ ಗುರುಗಳು. ಕೂಸು ಹುಟ್ಟಿದ್ರ ಲಿಂಗ ಕಟ್ಟವರು ಅವರು, ಮದಿವಿ ಮಾಡಸವರು ಅವರು, ಮನ್ಯಾಗ ಯಾರಾರ ಸತ್ತರ ತಲಿ ಮ್ಯಾಲ ಪಾದ ಇಟ್ಟು ಕಳಿಸಿಕೊಡವರೂ ಅವರು. ಅವರು ಹೊಸ್ತಿಲ ದಾಟಿದ್ರ ನಾವು ಕಾಲು ತೊಳದು ನಮಸ್ಕಾರ ಮಾಡಬೇಕು. ಅವರ ಹಿರೇರ ಕಾಲದಿಂದ ಬಂದ ಕಸುಬು ವಿಭೂತಿ. ಕಾಲುವಿ ದಂಡಿಗೆ ಅವರದೊಂದು ಭಟ್ಟಿ ಇತ್ತು.

ವಿಭೂತಿ ಮಾಡೋದು ಹಗುರ ಕೆಲಸ ಅಲ್ಲ. ಆಕಳ ಸಗಣಿ ಉಂಡಿ ಕಟ್ಟಿ ಒಣಗಿಸಿ, ಭತ್ತದ ಹೊಟ್ಟಿನಾಗ ಮುಚ್ಚಿ ಸುಡಬೇಕು. ಆ ಬೂದಿ ನೀರಿಗೆ ಹಾಕಿ, ಹಳೆ ಧೋತರದಾಗ ಸೋಸಿ, ದೊಡ್ಡ ಮಣ್ಣಿನ ಹರಿವ್ಯಾಗ ತಿಳಿಯಾಗಾಕ ಬಿಟ್ಟು, ತಳದಾಗ ಕುಂತ ಬೆಳ್ಳನ ಕೆನಿ ತಗದು ಗಟ್ಟಿ ಕಟ್ಟಬೇಕು. ಹಸಿ ಇರುವಾಗ ಗಟ್ಟಿ ಮ್ಯಾಲ ಮೂರು ಬೆರಳು ಎಳೆಯೋದು ಎಲ್ಲರ ಪದ್ಧತಿ. ನಮ್ಮ ಅಯ್ಯನೋರ ಗಟ್ಟಿಗೆ ಮಾತ್ರ ಆ ಮೂರು ಗೆರಿ ಬಾಜೂಕ ಒಂದು ಹೆಬ್ಬೆಟ್ಟಿನ ಗುಳಿ ಇರ್ತಿತ್ತು. ಹಂಪಿಗೆ ಬರೋ ಪರವೂರಿನ ಭಕ್ತರು, ಕಂಪ್ಲಿ ಸಂತಿಯಾಗ ಹೆಣ್ಮಕ್ಕಳು, ದೇವರಿಗಂತ ಸಂಡೂರು ಗುಡ್ಡ ಹತ್ತವರು, ಎಲ್ಲರೂ ಆ ಗುಳ್ಯಾಗ ಬೆರಳಿಟ್ಟು ನೋಡಿ ತಗೋತಿದ್ರು. ನಮ್ಮ ತಾಯಿನೂ ಹಂಗ ನೋಡ್ತಿದ್ಲು.

ಅಯ್ಯನೋರಿಗೆ ಹೊಗಿ ಕುಡದು ಕುಡದು ಕೆಮ್ಮು ಹತ್ತಿತ್ತು. ಮಗ ಭಟ್ಟಿ ಕಡಿ ತಲಿ ಹಾಕಿ ಮಲಗ್ತಿದ್ದಿಲ್ಲ, ಗೆಳೆಯರ ಜೋಡಿ ತಿರುಗೋದ ಅವನ ಕೆಲಸ. ಒಂದಿನ ನಮ್ಮ ಪಡಸಾಲ್ಯಾಗ ಕುಂತು, "ನನ್ನ ಎದಿ ಇನ್ನ ಈ ಹೊಗಿ ತಡಿಯಂಗಿಲ್ಲಪ್ಪ. ಸಂಡೂರಾಗ ಮಗಳ ಮನಿಗೆ ಹೋಗಿ ಇರ್ತೀನಿ. ಭಟ್ಟಿ ನೀನ ತಗೊ. ನಿನ್ನಂಥ ಭಕ್ತನ ಕೈಯಾಗ ಇದ್ರ ನಂಗೂ ಸಮಾಧಾನ" ಅಂದ್ರು. ಮಾವನ ಮುಖ ನೋಡಬೇಕಿತ್ತು. ಗುರುವಿನ ಭಟ್ಟಿ ತಮ್ಮ ಮನಿಗೆ ಬರ್ತೈತಿ ಅಂದ್ರ ಅವರಿಗೆ ಕೈಲಾಸನ ಬಂದಂಗ ಆಗಿತ್ತು.

ಅಯ್ಯನೋರು ಕೇಳಿದ್ದಕ್ಕ ಅಂಗಡ್ಯಾಗಿನ ದುಡ್ಡು ಸಾಲಲಿಲ್ಲ. ಮಾವ ನನ್ನ ಮುಂದ ಬಂದು ನಿಂತ್ರು. ನಾನ ತಿಳಕೊಂಡು ನನ್ನ ತಾಯಿ ಹಾಕಿದ್ದ ಬಂಗಾರದ ಪಾಟಲಿ ಬಿಚ್ಚಿ ಕೊಟ್ಟೆ. "ಭಟ್ಟಿ ದುಡದ್ರ ಮೊದಲು ನಿನ್ನ ಕೈ ತುಂಬಸ್ತೀನವ್ವ" ಅಂದ್ರು. ಬರೇ ಕೈಯಾಗ ಗಾಜಿನ ಬಳಿ ಹಾಕ್ಕೊಂಡು ತವರಿಗೆ ಹೋದಾಗ ನಮ್ಮವ್ವ ನನ್ನ ಕೈ ಹಿಡದು ನೋಡಿ ಒಳಗ ಹೋದ್ಲು. ಆ ಭಟ್ಟಿ ನನ್ನ ಭಟ್ಟಿ ಅಂತ ನಾ ಅನ್ನೋದು ಅದಕ್ಕ.

ಕಾಗದ ಮಾಡೋ ದಿನ ಊರಿನ ವಕೀಲರು ಒಬ್ಬರು ಮನಿಗೆ ಬಂದಿದ್ರು. ತೆಲುಗು ಬೆರೆತ ಕನ್ನಡದವರು, ಮಾತು ಕಡಿಮಿ. ನಾ ಅಡಿಗಿ ಮನಿ ಬಾಗಲ ಮರಿಯಾಗ ನಿಂತಿದ್ದೆ. ಭಟ್ಟಿ, ಛಪ್ಪರ, ಹರಿವಿ, ಜರಡಿ, ಎಲ್ಲಾ ಬರದ್ರು. ಅಯ್ಯನೋರು ಹೊಸಪ್ಯಾಟಿ, ಹಂಪಿ, ಕಂಪ್ಲಿ ಮೂರೂ ಕಡಿ ಇನ್ನ ವಿಭೂತಿ ಮಾಡಬಾರದು, ಮಾರಬಾರದು ಅಂತ ಬರದ್ರು. ಅದನ್ನ ಬರೀರಿ ಅಂದವರು ನಮ್ಮ ಯಜಮಾನರು. ಅಯ್ಯನೋರು ಸೈ ಅಂದ್ರು. ಆಮ್ಯಾಲ ವಕೀಲರು ಲೇಖಣಿ ಎತ್ತಿ ಹಿಡದು, "ಹೆಸರಿಗೆ ಎಷ್ಟು ಬರೀಲ್ರಿ?" ಅಂದ್ರು.

"ಯಾವ ಹೆಸರ್ರಿ?" ಅಂದ್ರು ಮಾವ.

"ಭಟ್ಟಿ ಹೆಸರು. ಗಿರಾಕಿ ನಿಮ್ಮ ಛಪ್ಪರ ನೋಡಿ ಬರ್ತಾರೇನ್ರಿ? ಅಯ್ಯನೋರ ಹೆಸರಿಗೆ ಬರ್ತಾರ. ಆ ಹೆಸರನ್ನೂ ಇಷ್ಟು ದುಡ್ಡಿಗೆ ಮಾರೀನಿ ಅಂತ ಒಂದು ಮಾತು ಬರಸ್ರಿ. ಕಾಗದಕ್ಕ ಗಟ್ಟಿ ಆಗ್ತೈತಿ."

ಮಾವ ಗಲ್ಲ ಗಲ್ಲ ಬಡ್ಕೊಂಡ್ರು. "ಶಿವ ಶಿವ. ಗುರುವಿನ ಹೆಸರಿಗೆ ನಾ ಬೆಲಿ ಕಟ್ಟಲೇನ್ರಿ? ನನ್ನ ನಾಲಿಗಿ ಬಿದ್ದು ಹೋದೀತು. ಮಡಕಿ ಕುಡಕಿಗೆ ರೊಕ್ಕ ಕೊಡ್ತೀನಿ. ಹೆಸರು ಅವರು ಆಶೀರ್ವಾದ ಮಾಡಿ ಕೊಡ್ತಾರ, ನಾವು ತಲಿ ಮ್ಯಾಲ ಇಟ್ಕೋತೀವಿ. ಹಂಗ ಬರೀರಿ."

ವಕೀಲರು ಅಯ್ಯನೋರ ಮುಖ ನೋಡಿದ್ರು. ಅಯ್ಯನೋರು ನೆಲ ನೋಡ್ತಾ, "ಭಕ್ತರು ಹೆಂಗ ಹೇಳ್ತಾರ ಹಂಗ" ಅಂದ್ರು. ವಕೀಲರು, "ನಿಮ್ಮ ಇಷ್ಟ್ರಿ" ಅಂತ ಬರದುಬಿಟ್ರು. ಹೆಸರನ್ನು ಯಾವ ಹಣವನ್ನೂ ಪಡೆಯದೆ ಆಶೀರ್ವಾದಪೂರ್ವಕವಾಗಿ ಕೊಟ್ಟಿದ್ದೇನೆ, ಅಂತ. ಓದಿ ಹೇಳಿದಾಗ ಎಲ್ಲರಿಗೂ ಚಂದ ಅನ್ನಿಸ್ತು. ನಂಗೂ ಅನ್ನಿಸ್ತು. ಇಂಥಾ ಮಾವ ಯಾರಿಗೆ ಸಿಗ್ತಾರ ಅಂತ ಬಾಗಲ ಸಂದ್ಯಾಗ ನಿಂತು ನನ್ನ ಎದಿ ಉಬ್ಬಿತ್ತು.

ಅಯ್ಯನೋರು ಅಷ್ಟಕ್ಕ ಬಿಡಲಿಲ್ಲ. ಕೊರಳಾಗಿನ ಕರಡಿಗಿ ಬಿಚ್ಚಿ ಲಿಂಗ ತಗದು ಎಡಗೈ ಅಂಗೈ ಮ್ಯಾಲ ಇಟ್ಕೊಂಡ್ರು. "ಈ ಲಿಂಗದ ಸಾಕ್ಷಿಯಾಗಿ ಹೇಳ್ತೀನಿ. ಈ ಮೂರೂ ಊರಾಗ ನಾ ಇನ್ನ ಭಟ್ಟಿ ಹಚ್ಚಂಗಿಲ್ಲ" ಅಂದ್ರು. ಮಾವನ ಕಣ್ಣಾಗ ನೀರು ಬಂತು. ವಕೀಲರು ಎದ್ದು ಹೊರಗ ಹೋಗಿ ನಿಂತ್ರು. ಲಿಂಗ ಹೊರಗ ಬಂದ ಮ್ಯಾಲ ಕಾಗದ ಯಾಕ ಬೇಕಿತ್ತು ಅಂತ ಮಾವ ಯಜಮಾನರ ಮ್ಯಾಲ ಸಣ್ಣಗ ಸಿಟ್ಟು ಮಾಡಿದ್ರು.

ಸಂಡೂರಿಗೆ ಹೋಗೋ ಮೊದಲು ಅಯ್ಯನೋರು ಕೆಲವು ದಿನ ಭಟ್ಟಿ ಹತ್ರ ಕುಂತು ನಂಗ ಎಲ್ಲಾ ತೋರಿಸಿದ್ರು. ಯಾಕಂದ್ರ ಕೂಲಿಯವರನ್ನ ನೋಡ್ಕೊಂಡು ಕೆನಿ ತಗಸೋದು ನನ್ನ ಕೆಲಸ ಆಗಿತ್ತು. ಒಳ್ಳೆ ಮನಸಿನಿಂದ ಕಲಿಸಿದ್ರು, ಅದನ್ನ ಇಲ್ಲ ಅನ್ನಂಗಿಲ್ಲ. ಹೆಬ್ಬೆಟ್ಟು ಎಲ್ಲಿ ಒತ್ತಬೇಕು ಅಂತ ನನ್ನ ಕೈಲಿ ಒತ್ತಿಸಿದ್ರು. ಕಡೀಗೆ ಹೋಗುವಾಗ ಒಂದು ಮಾತು ಹೇಳಿದ್ರು: "ತಾಯಿ, ಸಾವಿನ ಮನಿಯವರು ಬಂದ್ರ ತಾಟು ಮುಂದ ಇಡಬ್ಯಾಡ. ಅವರು ಮರತು ಕಾಸು ಇಟ್ರೂ ತಿರುಗಿ ಕೊಡು. ಮಣ್ಣಿಗೆ ಹೋಗೋ ಜೀವದ ಜೋಡಿ ವ್ಯಾಪಾರ ಇಲ್ಲ."

ನಮ್ಮ ಮಂದಿಯನ್ನ ಸುಡಂಗಿಲ್ಲ, ಕುಂದ್ರಿಸಿ ಮಣ್ಣು ಮಾಡ್ತಾರ, ಸುತ್ತ ವಿಭೂತಿ ಗಟ್ಟಿ ಇಡ್ತಾರ. ಬುಟ್ಟಿಗಟ್ಟಲೆ ಬೇಕು. ಅಷ್ಟನ್ನೂ ಪುಕ್ಕಟೆ ಕೊಡೋದು ಅಂದ್ರ ಯಜಮಾನರಿಗೆ ಮೊದಮೊದಲು ಕಷ್ಟ ಅನ್ನಿಸ್ತು. ಮಾವ, "ಗುರು ಹೇಳಿದ ಮಾತು" ಅಂದ ಮ್ಯಾಲ ಮುಗೀತು. ನಾವು ಒಂದು ಸಲನೂ ಆ ಮಾತು ಮೀರಲಿಲ್ಲ.

ಭಟ್ಟಿ ಚಲೋ ನಡೀತು. ಹಂಪಿಗೆ ಗಾಡಿ ಹೋಗಿ ಖಾಲಿ ಬರ್ತಿತ್ತು. ಕಂಪ್ಲಿ ಸಂತಿ ದಿನ ನಮ್ಮ ತಾಯಿ ಮನಿ ಕಟ್ಟಿ ಮ್ಯಾಲನ ತಾಟು ಇಟ್ಕೊಂಡು ಕುಂದ್ರತಿದ್ವಿ. ಮಾವ ಮೊದಲನೇ ಭಟ್ಟಿಯಾಗ ಬಂದ ಗಟ್ಟಿ ಒಂದು ಬುಟ್ಟಿ ತುಂಬಿ, ಧೋತರ ಸುತ್ತಿ, ಅಟ್ಟದ ಮ್ಯಾಲ ಇಟ್ರು. "ಇವು ನಂಗ. ನಾ ಹೋಗುವಾಗ ನನ್ನ ಜೋಡಿ" ಅಂದ್ರು. ನಗ್ತಾ ಅಂದ್ರು, ಆದ್ರ ಯಾರಿಗೂ ಮುಟ್ಟಾಕ ಬಿಡ್ತಿದ್ದಿಲ್ಲ.

ಹಿಂಗ ನಾಕು ಮಳಿಗಾಲ ಕಳದಿರಬೇಕು. ಒಂದಿನ ಅಯ್ಯನೋರು ಸಂಡೂರಿಂದ ಬಂದ್ರು. ಕೆಮ್ಮು ಹೋಗಿತ್ತು, ಮೈ ಕೈ ತುಂಬಿಕೊಂಡಿದ್ರು. ನಾ ಕಾಲು ತೊಳದು, ಹೋಳಿಗಿ ಮಾಡಿ ಉಣ್ಣಿಸಿದೆ. ಭಟ್ಟಿ ಹೆಂಗ ಐತಿ, ಹೊಟ್ಟು ಎಲ್ಲಿಂದ ತರಸ್ತೀರಿ, ಹಂಪ್ಯಾಗ ಯಾರ್‍ಯಾರು ತಗೋತಾರ, ಎಲ್ಲಾ ಕೇಳಿದ್ರು. ಮನಿ ಗುರು ಕೇಳ್ತಾರ ಅಂತ ನಾವೂ ಬಾಯಿ ತುಂಬ ಹೇಳಿದ್ವಿ. ಎಂಥಾ ಬುದ್ಧಿಗೇಡಿಗಳು ನಾವು. ಆ ತಿಂಗಳು ಮುಗಿಯೋದ್ರಾಗ ಕಾಲುವಿ ಆ ದಂಡಿಗೆ, ನಮ್ಮ ಭಟ್ಟಿ ಎದುರಿಗೆ, ಹೊಸ ಛಪ್ಪರ ಎದ್ದಿತು. ಹೊಗಿ ಬಂತು. ನಮ್ಮ ಕೂಲ್ಯಾಕಿ ಒಬ್ಬಾಕಿ ಅಲ್ಲಿಂದ ಒಂದು ಗಟ್ಟಿ ತಂದು ನನ್ನ ಕೈಯಾಗ ಇಟ್ಲು. ಮೂರು ಗೆರಿ, ಬಾಜೂಕ ಹೆಬ್ಬೆಟ್ಟಿನ ಗುಳಿ.

ಮಾವ ನಂಬಲಿಲ್ಲ. ಯಾರೋ ಅವರ ಹೆಸರಿನ್ಯಾಗ ಮಾಡ್ತಿರಬೇಕು ಅಂದ್ರು. ಯಜಮಾನರಿಗೆ ಗುರುಗಳ ಮುಂದ ಹೋಗಿ ಕೇಳಾಕ ಬಾಯಿ ಬರವಲ್ದಾತು. ನಂಗ ಸಿಟ್ಟು ಮೂಗಿನ ತುದಿಯಾಗನ ಇರ್ತೈತಿ. "ನೀವು ಬರ್ರಿ, ನಾ ಕೇಳ್ತೀನಿ" ಅಂತ ಅವರನ್ನ ಕರಕೊಂಡು ಕಾಲುವಿ ದಾಟಿದೆ. ಅಯ್ಯನೋರು ಹರಿವಿ ಮುಂದ ಕುಂತು ಕೆನಿ ತಗೀತಿದ್ರು. ಮೊದಲು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಅದನ್ನ ಬಿಡಾಕ ಆಗಲಿಲ್ಲ ನೋಡ್ರಿ, ಕೈ ತಾನ ಹೋತು. ಆಮ್ಯಾಲ ಕೇಳಿದೆ.

"ಅಯ್ಯನೋರ, ಲಿಂಗ ಅಂಗೈಯಾಗ ಇಟ್ಕೊಂಡು ಹೇಳಿದ್ರಿ."

"ಹೇಳಿದ್ದೆ ತಾಯಿ. ಸುಳ್ಳು ಹೇಳಂಗಿಲ್ಲ, ಆ ಮಾತು ಮುರದೀನಿ." ಕೈ ತೊಳಕೊಂಡ್ರು. "ಅದಕ್ಕ ಪ್ರಾಯಶ್ಚಿತ್ತನೂ ಮಾಡ್ಕೊಂಡೀನಿ. ಹಿರೇರ ಮುಂದ ಹೇಳ್ಕೊಂಡು, ಉಪವಾಸ ಇದ್ದು, ಜಂಗಮರಿಗೆ ಊಟಕ್ಕ ಹಾಕೀನಿ. ಶಿವನ ಬಾಬತ್ತು ಮುಗೀತು."

"ನಮ್ಮ ಬಾಬತ್ತು?"

"ನಿಮ್ಮ ಹತ್ರ ಕಾಗದ ಐತೆಲ್ಲ."

ಯಜಮಾನರು ಹಿಂದ ನಿಂತು ನನ್ನ ಸೆರಗು ಜಗ್ಗಿದ್ರು. ಅಯ್ಯನೋರು, "ಅಳಿಯನ ಮನ್ಯಾಗ ಕೈ ಕಟ್ಟಿ ಕುಂತು ಉಣ್ಣೋದು ಏನಂತ ನಿಂಗ ಗೊತ್ತಿಲ್ಲವ್ವ. ದಿನಾ ತಾಟು ಮುಂದ ಬರ್ತೈತಿ, ಯಾರೂ ಏನೂ ಅನ್ನಂಗಿಲ್ಲ, ಆದ್ರೂ ತುತ್ತು ಇಳಿಯಂಗಿಲ್ಲ. ಮಗ ಹಿಂಗ. ಈ ಬೆರಳಿಗೆ ಇದು ಬಿಟ್ಟು ಬ್ಯಾರೆ ಏನು ಬರ್ತೈತಿ ಹೇಳು" ಅಂದ್ರು. ಆ ಮಾತು ಖರೇನ ಇತ್ತು. ಅದಕ್ಕ ನಂಗ ಇನ್ನೂ ಸಿಟ್ಟು ಬಂತು. "ನಮ್ಮ ಮನಿಗೆ ಬಂದು ಉಂಡ್ರೆಲ್ಲ, ಅವತ್ತ ಈ ಮಾತು ಹೇಳಿದ್ರ ಅರ್ಧ ಭಟ್ಟಿ ಬಿಟ್ಟು ಕೊಡ್ತಿದ್ವಿ" ಅಂದೆ. ಅವರು ತಿರುಗಿ ಹರಿವ್ಯಾಗ ಕೈ ಹಾಕಿದ್ರು. ಅವತ್ತಿಂದ ನಾ ಮನಸಿನ್ಯಾಗ ಅವರನ್ನ "ಅವ" ಅನ್ನಾಕ ಹತ್ತಿದೆ. ಬಾಯಾಗ ಮಾತ್ರ ಅಯ್ಯನೋರು.

ಕೋರ್ಟಿಗೆ ಹೋಗೋದು ಮಾವನಿಗೆ ಸುತರಾಂ ಬ್ಯಾಡಾಗಿತ್ತು. ಗುರುವಿನ ಮ್ಯಾಲ ಫಿರ್ಯಾದಿ ಅಂದ್ರ ಹೆಂಗ ಅಂತ ಎರಡು ದಿನ ಊಟ ಬಿಟ್ರು. "ಮಾವ, ನನ್ನ ಪಾಟಲಿ ಗುರುವಿನ ಪಾದಕ್ಕ ಹಾಕಿದ್ದಲ್ರಿ, ಭಟ್ಟಿಗೆ ಹಾಕಿದ್ದು" ಅಂತ ನಾ ಬಾಯಿ ಬಿಟ್ಟು ಅಂದುಬಿಟ್ಟೆ. ಸೊಸಿ ಅನ್ನೋ ಮಾತಲ್ಲ ಅದು. ಅವರು ನನ್ನ ಬರಿಗೈ ನೋಡಿದ್ರು, ಎದ್ದು ರುಮಾಲು ಸುತ್ತಿಕೊಂಡ್ರು. ಅದ ವಕೀಲರ ಹತ್ರ ಹೋದ್ವಿ. ಅವರು ಕಾಗದ ನೋಡಿ, ಕನ್ನಡಕ ತಗದು ಒರಸಿ, ಮತ್ತ ನೋಡಿದ್ರು. "ಅವತ್ತ ಕೇಳಿದ್ದೆನ್ರಿ. ಹಾಕಿ ನೋಡೂಣು" ಅಂದ್ರು. ಆ ಮಾತಿನ್ಯಾಗ ಜೀವ ಇದ್ದಿಲ್ಲ.

ಜಿಲ್ಲಾ ಕೋರ್ಟಿನ ಒಳಗ ನಾ ಹೋಗಿಲ್ಲ, ಹೊರಗ ಬೇವಿನ ಗಿಡದ ಕೆಳಗ ಬುತ್ತಿ ಗಂಟು ಹಿಡಕೊಂಡು ಕುಂತಿದ್ದೆ. ಒಳಗ ಆದದ್ದನ್ನ ಯಜಮಾನರು ಅಕ್ಷರಕ್ಕ ಅಕ್ಷರ ಹೇಳಿದ್ರು. ಮಾವನನ್ನ ಕಟಕಟ್ಯಾಗ ನಿಲ್ಲಿಸಿದ್ರಂತ. ಎದುರಿನ ವಕೀಲ ಉದ್ದಕ ಕೇಳಲಿಲ್ಲ. "ಭಟ್ಟಿಗೆ ರೊಕ್ಕ ಕೊಟ್ರಿ, ಹರಿವಿಗೆ ಕೊಟ್ರಿ. ಅಯ್ಯನೋರ ಹೆಸರಿಗೆ ಏನು ಕೊಟ್ರಿ?" ಅಂದನಂತ. ಮಾವ ಎದಿ ಎತ್ತಿ, ಇಡೀ ಕೋರ್ಟಿಗೆ ಕೇಳೋ ಹಂಗ, "ಏನೂ ಕೊಟ್ಟಿಲ್ರಿ. ಗುರುವಿನ ಹೆಸರಿಗೆ ಬೆಲಿ ಇಲ್ಲ" ಅಂದ್ರಂತ. ಆ ವಕೀಲ ನಗಲೂ ಇಲ್ಲ, ಏನೂ ಇಲ್ಲ. "ಆತ್ರಿ, ಇಷ್ಟ ನಂಗ ಬೇಕಾಗಿದ್ದು" ಅಂತ ಕುಂತುಬಿಟ್ಟನಂತ. ಮಾವ ಹೊರಗ ಬಂದಾಗ ಮುಖ ಅರಳಿತ್ತು. ಗೆದ್ದೀನಿ ಅಂತ ತಿಳಕೊಂಡಿದ್ರು. ರೊಟ್ಟಿ ಬಿಚ್ಚಿ ಕೊಟ್ರ ಹೊಟ್ಟಿ ತುಂಬ ಉಂಡ್ರು.

ತೀರ್ಪು ಇಂಗ್ಲಿಷಿನ್ಯಾಗ ಬಂತು. ವಕೀಲರು ಕೋರ್ಟಿನ ಹೊರಗ ನಮ್ಮನ್ನ ಕುಂದ್ರಿಸಿಕೊಂಡು ಬಿಡಿಸಿ ಹೇಳಿದ್ರು. "ಒಬ್ಬ ಮನುಷ್ಯನ ಕಸುಬು ತಡಿಯೋ ಕರಾರು ಕಾಯಿದೆಯಾಗ ನಡಿಯಂಗಿಲ್ರಿ. ಬರಿ ಒಂದು ಕಡಿ ನಡೀತೈತಿ. ಕಸುಬಿನ ಹೆಸರು, ಗಿರಾಕಿ, ಎಲ್ಲಾ ಸೇರಿಸಿ ಮಾರಿದ್ರ, ಮಾರಿದವ ಆ ಊರಾಗ ಮತ್ತ ಅದ ಕಸುಬು ಮಾಡಬಾರದು ಅಂತ ಬರಸಬಹುದು. ನಿಮ್ಮ ಕಾಗದದಾಗ ಹೆಸರು ಮಾರಿಲ್ಲ. ಆಶೀರ್ವಾದ ಮಾಡ್ಯಾರ. ನಿಮ್ಮ ತಂದಿಯವರೂ ಕಟಕಟ್ಯಾಗ ಅದನ್ನ ಹೇಳಿದ್ರು. ಹಂಗಾಗಿ ಅವರು ಬಿಟ್ಟಿರ್ತೀನಿ ಅಂದ ಮಾತು ಹುರುಳಿಲ್ಲದ ಮಾತು."

"ಹೆಬ್ಬೆಟ್ಟಿನ ಗುಳಿ?" ಅಂದ್ರು ಯಜಮಾನರು.

"ಹೆಬ್ಬೆಟ್ಟು ಅವರದ ಅಲ್ಲೇನ್ರಿ?" ಅಂದ್ರು ವಕೀಲರು.

ಬಂಡ್ಯಾಗ ಊರಿಗೆ ತಿರುಗಿ ಬರುವಾಗ, ದಾರಿಯಾಗಿನ ಗಾದಿಗನೂರು ದಾಟಿದ ಮ್ಯಾಲ ಮಾವ, "ನಾ ಖರೇ ಹೇಳಿದೆ" ಅಂದ್ರು. "ಹೌದ್ರಿ ಮಾವ, ಖರೇನ ಹೇಳಿದ್ರಿ" ಅಂದೆ. ಆ ಮುದುಕನಿಗೆ ಇನ್ನೇನು ಅನ್ನಬೇಕಿತ್ತು? ಮರ್ಯಾದಿಯಿಂದ ನಡಕೊಂಡದ್ದಕ್ಕ ಕಾಯಿದೆ ನಮ್ಮನ್ನ ಹೊರಗ ಹಾಕಿತು. ದುಡ್ಡಿಗೆ ಬಾಯಿ ಬಿಟ್ಟು ಆ ಹೆಸರನ್ನ ಒಂದು ರೂಪಾಯಿಗೆ ಬರಸಿದ್ರೂ ಒಳಗ ಇಟ್ಕೋತಿತ್ತು.

ಆಮ್ಯಾಲ ಆ ಅಯ್ಯನ ಮಗ ಕೆಲಸಕ್ಕ ಇಳದ. ತಿರುಗಾಡೋ ಹುಡುಗ, ಮಾತು ಭಾಳ. ಕಂಪ್ಲಿ ಸಂತಿಯಾಗ ಗೋಣಿ ತಟ್ಟು ಹಾಸಿ ಗಟ್ಟಿ ಸುರುವಿಕೊಂಡು, "ಗಟ್ಟಿಗೆ ಒಂದಾಣೆ, ಗಟ್ಟಿಗೆ ಒಂದಾಣೆ" ಅಂತ ಒದರಾಕ ಸುರು ಮಾಡಿದ. ಮೊದಲನೇ ಸಂತಿಗೆ ಮಂದಿ ಕಿವಿ ಮುಚ್ಚಿಕೊಂಡ್ರು. ವಿಭೂತಿನ ಉಳ್ಳಾಗಡ್ಡಿ ಹಂಗ ಮಾರ್ತಾನೆಲ್ಲ ಅಂತ ಬೈದ್ರು. ಎರಡು ಮೂರು ಸಂತಿ ಆದ ಮ್ಯಾಲ ಅಲ್ಲೇ ನಿಂತು ತಗೊಳ್ಳಾಕ ಹತ್ತಿದ್ರು. ನಮ್ಮ ತಾಟಿನ ಮುಂದ ಎಷ್ಟು ಇಡಬೇಕೋ, ಕಡಿಮಿ ಆದ್ರ ಏನಂತಾರೋ ಅನ್ನೋ ಸಂಕೋಚ ಇರ್ತಿತ್ತು. ಅಲ್ಲಿ ಒಂದಾಣೆ ಒಗದ್ರ ಮುಗೀತು. ಗುಳಿ ಅಂತೂ ಇದ್ದ ಇತ್ತು. ಮ್ಯಾಲ ಬಿಳುಪು ಬ್ಯಾರೆ. ಅಷ್ಟು ಬೆಳ್ಳಗ ನಮ್ಮದು ಎಂದೂ ಆಗ್ತಿದ್ದಿಲ್ಲ. ಸಂಡೂರ ಕಡಿ ಗುಡ್ಡದಾಗ ಬಿಳಿ ಮಣ್ಣು ಸಿಗ್ತೈತಿ, ಅದನ್ನ ಬೂದಿಗೆ ಬೆರಸ್ತಿದ್ರು. ನಾ ಒಂದು ಗಟ್ಟಿ ತರಿಸಿ ನೀರಾಗ ಹಾಕಿ ನೋಡಿದೆ, ತಳದಾಗ ಜೇಡಿ ಕುಂತಿತ್ತು.

"ನಾವೂ ಬೆಲಿ ಹೇಳೂಣು ಮಾವ. ಮಣ್ಣು ಬೆರಸೋದು ಬ್ಯಾಡ, ಬೆಲಿ ಆದ್ರೂ ಹೇಳೂಣು" ಅಂದೆ.

"ಅವರು ಬಿಟ್ರು ಅಂತ ನಾವೂ ಬಿಡೋದೇನವ್ವ?" ಅಂದ್ರು ಮಾವ. ಯಜಮಾನರೂ ಅಪ್ಪನ ಕಡಿಗೆ. ನಾ ಒಬ್ಬಾಕಿ ಬಾಯಿ ಮಾಡಿ ಮಾಡಿ ಸೋತೆ. ಹಂಪಿ ಗಿರಾಕಿ ಹೋದ್ರು, ಕಂಪ್ಲಿ ಕಟ್ಟಿ ಮ್ಯಾಲ ತಾಟು ಖಾಲಿ ಇರ್ತಿತ್ತು. ಕೂಲಿಯವರಿಗೆ ಕೊಡಾಕ ಆಗಲಿಲ್ಲ ಅಂತ ಭಟ್ಟಿ ತಿಂಗಳಿಗೊಮ್ಮೆ, ಆಮ್ಯಾಲ ಹಬ್ಬಕ್ಕೊಮ್ಮೆ ಹಚ್ಚಿದ್ವಿ. ಕಡೀಗೆ ಅದೂ ನಿಂತಿತು. ಒಬ್ಬರು ಮಾತ್ರ ನಮ್ಮ ಬಾಗಲಿಗೆ ಬರೋದು ಬಿಡಲಿಲ್ಲ. ಸಾವಿನ ಮನಿಯವರು. ಕಾಲುವಿ ಆ ಕಡಿ ಸಾವಿಗೂ ಒಂದಾಣೆ ಅಂತ ಊರಿಗೆಲ್ಲಾ ಗೊತ್ತಾಗಿತ್ತು.

ಒಂದು ಬ್ಯಾಸಗಿಯಾಗ ಗಾದಿಗನೂರಿಂದ ಒಬ್ಬ ರೈತ ಬಂದ. ತಾಯಿ ಸತ್ತಿದ್ಲು. ಬಾಗಲಕ್ಕ ಆನಿಸಿ ನಿಂತು ಮಾತಾಡಾಕ ಬರಲಾರದ ಬಿಕ್ಕತಿದ್ದ. ಇದ್ದ ಬದ್ದ ಗಟ್ಟಿ ಆಗಲೇ ಖಾಲಿ ಆಗಿದ್ದವು. ನಾ ಇಲ್ಲಪ್ಪ ಅಂತ ಹೇಳಬೇಕು ಅನ್ನೋದ್ರಾಗ ಮಾವ ನಿಚ್ಚಣಿಕಿ ಹಚ್ಚಿ ಅಟ್ಟ ಹತ್ತಿದ್ರು. ಧೋತರ ಸುತ್ತಿದ ಬುಟ್ಟಿ ಇಳಿಸಿ, ಹಂಗ ಅವನ ತಲಿ ಮ್ಯಾಲ ಇಟ್ರು.

"ಮಾವ, ಅವು ನಿಮ್ಮವು" ಅಂದೆ.

"ನಾ ಇನ್ನೂ ಇದೀನಿ. ಆಕಿ ಹೋಗ್ಯಾಳ. ನಮಗ ಮತ್ತ ಮಾಡ್ಕೊಂಡ್ರಾತು ಬಿಡವ್ವ" ಅಂದ್ರು.

ಮತ್ತ ಮಾಡ್ಕೊಳ್ಳಲಿಲ್ಲ. ಮಳಿ ಬೀಳೋ ಮೊದಲು, ಒಂದು ಮುಂಜಾನಿ ಲಿಂಗಪೂಜಿಗೆ ಕುಂತವರು ಕುಂತಲ್ಲೇ ಗ್ವಾಡಿಗೆ ಒರಗಿದ್ರು. ಜಡ್ಡಿಲ್ಲ, ಜಾಪತ್ರಿಲ್ಲ. ನಾ ನೀರು ಇಡಾಕ ಹೋದವಳು ನೋಡಿದೆ. ಲಿಂಗ ಇನ್ನೂ ಅಂಗೈಯಾಗ ಇತ್ತು.

ಅಯ್ಯನೋರನ್ನ ಕರಿಯದ ಗತಿ ಇದ್ದಿಲ್ಲ. ಮನಿತನದ ಗುರು ಪಾದ ಇಡದ ಹೊರ್ತು ಮಾವನನ್ನ ಕಳಿಸೋದು ಹೆಂಗ? ಯಜಮಾನರು ಆಳು ಕಳಿಸಿದ್ರು. ಅವರು ಬಂದ್ರು. ಬಂದವರು ಮಾವನ ಮುಖ ನೋಡಿ ಅತ್ರು. ಖರೇನ ಅತ್ರು, ಹೆಗಲ ಮ್ಯಾಲಿನ ವಸ್ತ್ರ ಹಸಿ ಆತು. ಹಿಂದ ಮಗ ಬುಟ್ಟಿ ಹೊರಿಸಿಕೊಂಡು ಬಂದು ಪಡಸಾಲ್ಯಾಗ ಇಳಿಸಿದ. ನಾ ನಮ್ಮ ಭಟ್ಟಿಗೆ ಓಡಿ ಹೋಗಿ ಹಳೆ ಹರಿವಿ ಎಲ್ಲಾ ಕೆರದೆ. ತಳಕ್ಕ ಹತ್ತಿದ್ದ ಒಣ ಕೆನಿ ಒಂದು ಹಿಡಿ ಸಿಕ್ಕಿತು. ಅದನ್ನ ತಂದು ಮಾವನ ಹಣಿಗೆ ನಾನ ಹಚ್ಚಿದೆ. ಹಣಿಗೆ ಅಷ್ಟ ಆತು. ಮಣ್ಣಾಗ ಅವರ ಸುತ್ತ ಇಟ್ಟದ್ದೆಲ್ಲಾ ಆ ಬುಟ್ಟಿ ಗಟ್ಟಿ. ಒಂದೊಂದು ಇಡುವಾಗ ಆ ಹೆಬ್ಬೆಟ್ಟಿನ ಗುಳಿ ಕಾಣ್ತಿತ್ತು.

ಎಲ್ಲಾ ಮುಗಿಸಿ ಮನಿಗೆ ಬಂದ ಮ್ಯಾಲ ಅಯ್ಯನೋರಿಗೆ ಮಣಿ ಹಾಕಿ ಕುಂದ್ರಿಸಿದ್ವಿ. ಮುಂದ ಕಾಣಿಕಿ ತಾಟು ಇಟ್ವಿ. ಬೀಗರು, ಬಿಜ್ಜರು, ಓಣಿಯವರು ಎಲ್ಲಾ ಇದ್ರು. ನಾ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿ ಎದ್ದೆ. ಎದ್ದವಳು ಅಲ್ಲೇ ನಿಂತೆ.

"ಅಯ್ಯನೋರ, ವಿಭೂತಿಗೆ ಎಷ್ಟಾತ್ರಿ?"

ನಮ್ಮ ಮಾವನ ತಂಗಿ, "ಏ ತಂಗಿ, ಏನು ಕೇಳ್ತಿ ಅದು, ಒಳಗ ನಡಿ" ಅಂದ್ಲು. ಯಜಮಾನರು ತಲಿ ತಗ್ಗಿಸಿದ್ರು. ನಾ ಕದಲಲಿಲ್ಲ. ಎಲ್ಲರ ಮುಂದ ಅವರ ಮುಖದ ನೀರು ಇಳಿಸಬೇಕು ಅಂತಾನ ಕೇಳಿದ್ದೆ. ಆದ್ರ ಖರೇ ಹೇಳ್ತೀನಿ, ಒಳಗ ಬ್ಯಾರೆ ಆಸಿ ಇತ್ತು. "ಇದು ಸಾವಿನ ಮನಿ, ತಾಯಿ. ಏನು ಮಾತು ಇದು" ಅಂತ ಒಂದು ಸಲ ಅಂದ್ರ ಸಾಕಾಗಿತ್ತು. ಭಟ್ಟಿ ಹತ್ರ ಕುಂತು ನಂಗ ಅದನ್ನ ಕಲಿಸಿದವರು ಅವರ. ಆ ಒಂದು ಮಾತು ಬಂದಿದ್ರ ಕೋರ್ಟು, ಪಾಟಲಿ, ಆ ಬುಟ್ಟಿ, ಎಲ್ಲಾ ಅಲ್ಲಿಗೇ ಬಿಡ್ತಿದ್ದೆ.

ಅಯ್ಯನೋರು ಬಾಗಲದಾಗ ನಿಂತಿದ್ದ ಮಗನ ಕಡಿ ನೋಡಿದ್ರು. ಮಗ ಗೋಣು ಸೈತ ಹಾಕಲಿಲ್ಲ. ಅವರು ತಿರುಗಿ ನೆಲ ನೋಡಿದ್ರು, ಕಾಗದ ಬರಿಯೋ ದಿನ ನೋಡಿದ್ದಂಗ.

"ಗಟ್ಟಿಗೆ ಒಂದಾಣೆ, ತಾಯಿ" ಅಂದ್ರು.

ನಾ ಒಳಗ ಹೋಗಿ ಅಕ್ಕಿ ಡಬ್ಬಿಯಾಗ ಇಟ್ಟಿದ್ದ ದುಡ್ಡು ತಂದೆ. ಬುಟ್ಟ್ಯಾಗ ಎಷ್ಟು ಗಟ್ಟಿ ಇದ್ದವು ಅಂತ ಮಗನ್ನ ಕೇಳಿದೆ, ಅವ ತಡಾ ಮಾಡಲಾರದ ಹೇಳಿದ. ಅಷ್ಟೂ ತಾಟಿನಾಗ ಹಾಕಿದೆ. ಅಯ್ಯನೋರು ತಾಟು ನೋಡಲಿಲ್ಲ. ಆ ಪದ್ಧತಿ ಮಾತ್ರ ಅವರು ಕಡೀತನ ಬಿಡಲಿಲ್ಲ. ಅವರು ಎದ್ದು ಹೊರಗ ಹೋದ ಮ್ಯಾಲ ಮಗ ಬಂದು ತಾಟಿನ ಮುಂದ ಕುಂತು ಕಾಸು ಎಣಿಸಿಕೊಂಡ.